ಪಾರಿಸನ ಪುಕ್ಕಟೆ ಗಂಟೆ

೧೯೯೮ರ ಚಾತುರ್ಮಾಸದಲ್ಲಿ ನಿಪ್ಪಾಣಿಯ ಮೇಲೆ ಮೋಡ ಕವಿದು, ಹೊತ್ತು ಮುಳುಗಿತೋ ಇಲ್ಲವೋ ಯಾರಿಗೂ ತಿಳಿಯದಂತಾಯಿತು. ಕತ್ತಲಾದ ಮೇಲೆ ಉಣ್ಣದ ಜೈನರ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಕಂಪ್ಯೂಟರ್ ಕ್ಲಾಸ್ ನಡೆಸುವ ಪಾರಿಸ ಒಂದು ಪ್ರೋಗ್ರಾಮ್ ಬರೆದ. ಸೂರ್ಯಾಸ್ತಕ್ಕೆ ತುಸು ಮೊದಲು ಅದು ಗಂಟೆ ಬಾರಿಸುತ್ತಿತ್ತು. ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ತಿದ್ದಲೂಬಹುದು.

ಆದರೆ ಅದು ಓಡುತ್ತಿದ್ದುದು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೇಲೆ. ಅದೂ ಹೀಗೆಯೇ ನೂರಾರು ಜನ ಕೂಡಿ ಬರೆದು ಪುಕ್ಕಟೆ ಹಂಚಿದ್ದು. ಊರಲ್ಲೆಲ್ಲ ಇದ್ದದ್ದು ಕಂಪನಿ ರೊಕ್ಕಕ್ಕೆ ಮಾರುವ ವಿಂಡೋಸ್; ಲಿನಕ್ಸ್ ಇದ್ದದ್ದು ಪಾರಿಸನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಇನ್ನೊಬ್ಬನಾದರೂ ಜೊತೆಗೆ ಸಿಗಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ನೇಮಿನಾಥ ಬಂದ.

“ಅಣ್ಣಾ, ಆ ಗಂಟಿ ನಮ್ಮ ವಿಂಡೋಸಿಗೂ ಮಾಡಿ ಕೊಡು.”

“ನೀನ ಲಿನಕ್ಸ್ ಹಾಕ್ಕೋ.”

“ಗಂಟಿ ಸಲುವಾಗಿ ಗುಡಿ ಬದಲಿ ಮಾಡಂತೀಯೇನು?”

ಪಾರಿಸನಿಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದ: ಮೊದಲು ಗಂಟೆಯ ರುಚಿ ಹತ್ತಲಿ, ಬೆನ್ನಿಗೇ ಲಿನಕ್ಸಿಗೂ ಬಂದಾರು. ಕ್ಲಾಸಿಗೆ ಹೋಗಿ, ಮಧ್ಯಾಹ್ನದ ಊಟ ಬಿಟ್ಟು, ಪ್ರೋಗ್ರಾಮನ್ನು ವಿಂಡೋಸಿಗೆ ಒಗ್ಗಿಸಿದ. ಫ್ಲಾಪಿ ಹಿಡಿದು ಮೊದಲು ನೇಮಿನಾಥನ ಮನೆಗೆ ಹೋದ. ನೇಮಿನಾಥ ಸುದ್ದಿ ಹಬ್ಬಿಸಿದ್ದೇ ತಡ, ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆಮನೆಯಿಂದಲೂ ಕರೆ ಬಂತು.

ಕೊನೆಗೆ ಭಾವುಸಾಹೇಬ ಕಾಕಾನ ತಂಬಾಕಿನ ವಖಾರಿ. ಘಾಟಿಗೆ ಪಾರಿಸ ಒಂದೇ ಸಮನೆ ಸೀನತೊಡಗಿದ.

“ಹೊರಗ ಹೋಗಿ ಸೀನಪಾ, ಗಂಟಿ ಕೆಟ್ಟೀತು,” ಎಂದ ಕಾಕಾ.

ಕೆಡಲಿಲ್ಲ. ಹೊತ್ತಿಗೆ ಸರಿಯಾಗಿ ಬಾರಿಸಿತು. ಕಾಕಾ ಹಿಗ್ಗಿ, ಊಟಕ್ಕೆಂದು ಚಪ್ಪಲಿ ಮೆಟ್ಟಿದ.

“ಕಾಕಾ, ಇನ್ನ ಲಿನಕ್ಸ್ ಹಾಕೂನೇನ್ರಿ?”

“ಯಾಕಪಾ? ಗಂಟಿ ಇದರಾಗ ಬಾರಸ್ತೈತಲ್ಲ!”

ಪಾರಿಸನಿಗೆ ಆಗ ಹೊಳೆಯಿತು: ಜನರನ್ನು ಸೆಳೆಯಲು ಇದ್ದ ಒಂದೇ ಆಮಿಷವನ್ನು ತಾನೇ ಕೈಯಾರೆ ಹಂಚಿಬಿಟ್ಟಿದ್ದ. ಹೋಗಲಿ, ಮನೆಯಲ್ಲಿ ತನ್ನ ಲಿನಕ್ಸ್ ಒಂದಾದರೂ ಇದೆಯಲ್ಲ ಎಂದುಕೊಂಡು, ಹಸಿದ ಹೊಟ್ಟೆಯಲ್ಲಿ ಓಡಿದ.

ಮನೆಯಲ್ಲಿ ಹೆಂಡತಿ ಕುಸುಮ ಊಟಕ್ಕೆ ಬಡಿಸುತ್ತಿದ್ದಳು. ಕಂಪ್ಯೂಟರಿನ ಮುಂದೆ ನೇಮಿನಾಥ ಕೂತಿದ್ದ. ಪರದೆಯ ತುಂಬ ವಿಂಡೋಸಿನ ನೀಲಿ ಆಕಾಶ, ಬಿಳಿ ಮೋಡ.

“ನೀ ನಮಗ ಇಷ್ಟ ಉಪಕಾರ ಮಾಡಿದಿ, ನಾವು ಸುಮ್ಮ ಕೂಡೂದು ಛಲೋ ಅಲ್ಲಂತ ವಿಂಡೋಸ್ ಹಾಕೀನಿ. ಹಳೇದೆಲ್ಲಾ ಒರಸಿ ಸ್ವಚ್ಛ ಮಾಡೀನಿ,” ಎಂದ ನೇಮಿನಾಥ.

“ಯಾರನ್ನ ಕೇಳಿ ಹಾಕಿದಿ?”

“ನಾನ ಹೂಂ ಅಂದೀನ್ರಿ,” ಎಂದಳು ಕುಸುಮ. “ಊರ ಮಂದಿಗೆಲ್ಲಾ ನೀವ ವಿಂಡೋಸಿಗೆ ಮಾಡಿ ಕೊಟ್ಟೀರಿ. ನಮ್ಮ ಮನ್ಯಾಗ ಒಂದ ಯಾಕ ಬ್ಯಾರೆ ಇರಬೇಕು?”

ಪಾರಿಸ ತಲೆಗೆ ಕೈಹಚ್ಚಿ ಕೂತ. ಅದನ್ನು ಕಂಡು ನೇಮಿನಾಥ ಬೇರೆಯೇ ಅರ್ಥ ಮಾಡಿಕೊಂಡ.

“ರೊಕ್ಕದ ವಿಚಾರ ಮಾಡಬ್ಯಾಡ ಅಣ್ಣಾ,” ಎಂದು ಹೆಗಲು ತಟ್ಟಿದ. “ನಂದೂ ನಿನ್ನಂಗ ಪುಕ್ಕಟನ.”