ಮಾವನ ಅಮೆರಿಕವೂ ಕಲ್ಯಾಣದುರ್ಗದ ಸಂಬಂಧವೂ

ನಮ್ಮ ಮಾವ ಅಮೆರಿಕಕ್ಕೆ ಹೋದವರಲ್ಲ. ಹೋಗಿ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು! ಹೋಗಿ ಬಂದವರು ಒಂದಷ್ಟು ಕಾಲ ಮಾತಾಡಿ ಸುಮ್ಮನಾಗುತ್ತಾರೆ. ಹೋಗದೇ ಇದ್ದವರ ಮಾತು ಮುಗಿಯುವುದಾದರೂ ಹೇಗೆ? ಹಿಂದೂಪುರದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯಿಂದ ಹಿಡಿದು ಕೊನೆಯ ಮಜ್ಜಿಗೆಯ ಅನ್ನದವರೆಗೆ ಆ ದೇಶವೂ ನಮ್ಮ ಪಂಕ್ತಿಯಲ್ಲೇ ಕೂತಿರುತ್ತಿತ್ತು. ಬಡಿಸುವವಳು ನಾನು.

ತಪ್ಪಿಸಿಕೊಳ್ಳೋಣವೆಂದರೆ ದಾರಿಯೆಲ್ಲಿ? ಅವರು ನನ್ನ ತಾಯಿಯ ತಮ್ಮ. ನನ್ನ ಗಂಡನ ತಂದೆಯೂ ಅವರೇ. ತವರಿನ ಬಾಗಿಲಲ್ಲೂ ಗಂಡನ ಮನೆಯ ಬಾಗಿಲಲ್ಲೂ ಅವರೇ ನಿಂತಿದ್ದರು. ನನ್ನ ಗಂಡ ಬೆಳಗಾಯಿತೆಂದರೆ ಹುಣಸೆಹಣ್ಣಿನ ಮಂಡಿಗೆ ಓಡುತ್ತಿದ್ದರು. ವ್ಯಾಪಾರದಲ್ಲಿ ಅವರಿಗೆ ಅಷ್ಟೊಂದು ಶ್ರದ್ಧೆ ಯಾಕೆಂದು ಮದುವೆಯಾದ ಹೊಸದರಲ್ಲೇ ನನಗೆ ತಿಳಿದುಹೋಯಿತು. ಇನ್ನು ಮನೆಯಲ್ಲಿ ಉಳಿದು ಕೇಳುವವರು ನಾನು ಮತ್ತು ನನ್ನ ನಾದಿನಿ.

ಮಾವನಿಗೆ ಈ ಅಮೆರಿಕ ಅಂಟಿಕೊಂಡಿದ್ದು ಬೆಂಗಳೂರಿನಲ್ಲಿ, ಯುದ್ಧದ ಕಾಲದಲ್ಲಿ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಇರಲಾರದೆ, ಮಂಡಿಯನ್ನು ಮಗನಿಗೂ ಮಗಳನ್ನು ನಮ್ಮಮ್ಮನಿಗೂ ಒಪ್ಪಿಸಿ, ಅಲ್ಲಿ ಸೈನ್ಯದ ಉಗ್ರಾಣವೊಂದರಲ್ಲಿ ಸ್ಟೋರ್ ಕೀಪರ್ ಆಗಿ ಸೇರಿಕೊಂಡಿದ್ದರು. ವಿಮಾನ ರಿಪೇರಿಗೆಂದು ಬಂದಿದ್ದ ಅಮೆರಿಕದ ಸಿಪಾಯಿಗಳು ಸಂಜೆ ಹೊತ್ತು ಡಬ್ಬದ ಹಾಲು, ಸಕ್ಕರೆ ಕೇಳಿಕೊಂಡು ಬರುತ್ತಿದ್ದರಂತೆ. ಊರು ಬಿಟ್ಟು ಬಂದ ಹುಡುಗರು. ಹಾಲು ಸಿಕ್ಕಿದ ಮೇಲೂ ಹೋಗದೆ ಅವರವರ ಊರಿನ ಮಾತು ತೆಗೆಯುತ್ತಿದ್ದರಂತೆ. ಮಾವ ಅಲ್ಪಸ್ವಲ್ಪ ಇಂಗ್ಲಿಷ್ ಕಲಿತದ್ದು ಹೀಗೆ.

ಅವರು ಕಂಡುಹಿಡಿದ ತತ್ತ್ವವನ್ನು ನಾನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಇಂಗ್ಲೆಂಡಿನ ಅಧಿಕಾರಿಗಳನ್ನು ಕೇಳಿದರೆ ಅಮೆರಿಕದಲ್ಲಿ ನೋಡಬೇಕಾದ ಊರು ನ್ಯೂಯಾರ್ಕ್. ಚಿಕಾಗೋದವನನ್ನು ಕೇಳಿದರೆ ನ್ಯೂಯಾರ್ಕ್ ಎಂದರೆ ಬರೀ ಗದ್ದಲ, ಸೊಕ್ಕು. ನ್ಯೂಯಾರ್ಕಿನವನನ್ನು ಕೇಳಿದರೆ ಚಿಕಾಗೋದಲ್ಲಿ ಗಾಳಿ ಬಿಟ್ಟರೆ ಇನ್ನೇನೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋವನ್ನು ಎಲ್ಲರೂ ಹೊಗಳುತ್ತಾರೆ; ಅಲ್ಲಿ ಹುಟ್ಟಿದವನೊಬ್ಬ ಮಾತ್ರ ಮಂಜಿನಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಗೊಣಗುತ್ತಾನೆ. ಬಾಸ್ಟನ್ನಿನವನು ತನ್ನ ಊರನ್ನು ಹೊಗಳುವುದೇ ಇಲ್ಲ. ಇವರಿಗೆ ಹೇಳಿ ಏನು ಪ್ರಯೋಜನ ಎಂಬಂತೆ ಸುಮ್ಮನೆ ಕೂರುತ್ತಾನೆ. ಹೀಗೆ ಒಂದೊಂದು ಊರಿಗೂ ಒಳಗಿನವರ ಮಾತು, ಹೊರಗಿನವರ ಮಾತು ಎರಡನ್ನೂ ತೂಗಿ ನೋಡಿ, ಕೊನೆಗೆ ಮಾವ ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲ ಸ್ಥಾನ ಕೊಟ್ಟಿದ್ದರು. ಆ ಊರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ಪರಿಗಿಯಿಂದ ಹುಣಸೆಹಣ್ಣು ತಂದಿದ್ದ ರೈತರೊಬ್ಬರು, ಪಾಪ, ಮಾತಿಗೆ ಮಾತು ಬಂದು, ಅಮೆರಿಕ ಅಂದರೆ ನ್ಯೂಯಾರ್ಕೇ ತಾನೇ ಎಂದುಬಿಟ್ಟರು. ಮಾವ ಅವರನ್ನು ಜಗುಲಿಯ ಮೇಲೆ ಕೂರಿಸಿಕೊಂಡರು. ಅವರು ಎದ್ದಾಗ ಊರಿಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ನಾನು ಮುದ್ದೆ ಮಾಡಿ ಬಡಿಸಿದೆ. ಉಂಡು ಕೈ ತೊಳೆಯುತ್ತ ಆ ಮನುಷ್ಯ ಮೆಲ್ಲಗೆ, "ಅಮ್ಮಾ, ನಾನು ನ್ಯೂಯಾರ್ಕಿಗೆ ಹೋಗಲ್ಲ ಅಂತ ನಿಮ್ಮ ಮಾವನಿಗೆ ನೀವೇ ಒಂದ್ಮಾತು ಹೇಳ್ಬುಡಿ" ಎಂದರು.

ಇನ್ನೊಮ್ಮೆ ಬೇಸಿಗೆಯಲ್ಲಿ ನನಗೆ ಜ್ವರ ಬಂದು ಮೈ ಕೆಂಡವಾಗಿತ್ತು. ಮಾವ ಪಕ್ಕದಲ್ಲೇ ಕೂತು ಒದ್ದೆ ಬಟ್ಟೆ ಬದಲಾಯಿಸುತ್ತಿದ್ದರು. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ಬಟ್ಟೆ ಹಾಕಿ ಸುಮ್ಮನಿರಬಾರದೇ? "ಸ್ಯಾನ್ ಫ್ರಾನ್ಸಿಸ್ಕೋ ಬಲೇ ತಂಪು ಕಣಮ್ಮ. ಕಣ್ಣು ಮುಚ್ಕಂಡು ನೆನಸ್ಕೋ" ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಬೇರೆ ಕಾರಣಕ್ಕೆ.

ಇಷ್ಟರವರೆಗೆ ಇದೆಲ್ಲ ನನ್ನೊಬ್ಬಳ ಆಯಾಸ. ಆದರೆ ನಾದಿನಿಯ ಮದುವೆಯ ಮಾತು ಬಂದಾಗ ನಗುವ ಹಾಗೂ ಇರಲಿಲ್ಲ.

ಕಲ್ಯಾಣದುರ್ಗದಿಂದ ಒಂದು ಸಂಬಂಧ ಬಂತು. ನಮ್ಮವರೇ, ಕಂಬಳಿ ವ್ಯಾಪಾರದ ಮನೆ. ಹುಡುಗ ತಾಯಿಯೊಂದಿಗೆ ಬಂದಿದ್ದ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಈ ಮನೆಗೆ ಅದೇ ದೊಡ್ಡ ಗುಣವೆಂದು ನನಗೆ ಅನಿಸಿತು. ಉಪ್ಪಿಟ್ಟು ತಿಂದು ಮುಗಿಸುವುದರೊಳಗೆ ಮಾವ ಕೇಳಿಯೇಬಿಟ್ಟರು, ಚಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ ಯಾವುದಾದರೊಂದು ಕಡೆ ಸಂಸಾರ ಹೂಡಬೇಕಾದರೆ ಎಲ್ಲಿ ಹೂಡುತ್ತೀಯ ಎಂದು. ಹುಡುಗ ತಾಯಿಯ ಮುಖ ನೋಡಿದ. ಆಕೆ ನನ್ನ ಮುಖ ನೋಡಿದರು. ನಾನು ಉಪ್ಪಿಟ್ಟಿನ ಪಾತ್ರೆ ನೋಡಿದೆ. ಕೊನೆಗೆ ಹುಡುಗ, ತಾನು ಎರಡನ್ನೂ ನೋಡಿಲ್ಲ, ಅಂಗಡಿ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ ಎಂದ. ಹಾಗಾದರೆ ಕಲ್ಯಾಣದುರ್ಗವನ್ನು ಹೊರಗಿನಿಂದ ಬಂದವರು ಏನೆಂದು ಹೊಗಳುತ್ತಾರೆ ಎಂದು ಮಾವ ಬಿಡದೆ ಕೇಳಿದರು.

"ಯಾರೂ ಹೊಗಳಲ್ಲ ಯಜಮಾನ್ರೆ" ಎಂದ ಹುಡುಗ. "ಬಂದೋರೆಲ್ಲ ಬಿಸಿಲು ಜಾಸ್ತಿ ಅಂತಾರೆ."

ಅಷ್ಟಕ್ಕೆ ಆ ಊರು ಮಾವನ ಪರೀಕ್ಷೆಯಲ್ಲಿ ನಪಾಸಾಯಿತು. ರೈಲಿಲ್ಲ, ಎತ್ತ ನೋಡಿದರೂ ಬಂಡೆ, ಹೊರಗಿನವರೂ ಮೆಚ್ಚುವುದಿಲ್ಲ, ಒಳಗಿನವನಿಗೂ ಹೊಗಳಲು ಬಾಯಿಲ್ಲ. ಅಂಥ ಕಡೆಗೆ ಇದ್ದೊಬ್ಬ ಮಗಳನ್ನು ಹೇಗೆ ಕೊಡುವುದು ಎಂದರು. ನೋಡೋಣವೆಂದು ಹೇಳಿ ಬಂದವರನ್ನು ಕಳಿಸಿಬಿಟ್ಟರು.

ನಾದಿನಿ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತದೆ, "ಸುಳ್ಳು ಹೇಳ್ಬೋದಿತ್ತು ಅಲ್ವಾ ಅತ್ತಿಗೆ? ಹೇಳಲಿಲ್ಲ ಅವ್ರು" ಎಂದಳು. ಅವಳ ಮನಸ್ಸು ಅಲ್ಲಿಗೆ ಹೋಗಿಯಾಗಿದೆ ಎಂದು ನನಗೆ ತಿಳಿಯಿತು.

ಊಟಕ್ಕೆ ಬಡಿಸುವಾಗ ಅದುವರೆಗೆ ಆಡದ ಮಾತು ಆಡಿದೆ. "ಮಾವ, ಸ್ಯಾನ್ ಫ್ರಾನ್ಸಿಸ್ಕೋದಿಂದ ವರ ಬರೋ ತಂಕ ಅವಳನ್ನ ಹಿತ್ತಲಲ್ಲೇ ಕೂಡಿಸಿರ್ತೀರಾ?" ಮಾವ ಇನ್ನಷ್ಟು ಮಜ್ಜಿಗೆ ಕೇಳಿದರು.

ಅದೇ ಆಸುಪಾಸಿನಲ್ಲಿ ನಮ್ಮಮ್ಮ ನಮ್ಮಲ್ಲಿಗೆ ಬಂದಿದ್ದವಳು ಬೆಂಗಳೂರಿಗೆ ಹೊರಟಳು. ಮಾವ, ನಾನು ಇಬ್ಬರೂ ಸ್ಟೇಷನ್ನಿಗೆ ಹೋಗಿದ್ದೆವು. ರೈಲು ಬಂತು, ನಿಂತಿತು, ನಿಂತೇಬಿಟ್ಟಿತು. ಇಂಜಿನ್ ಕೆಟ್ಟಿದೆ ಎಂದರು. ಮೊದಲ ದರ್ಜೆಯ ಡಬ್ಬಿಯಿಂದ ಕೆಂಪು ಮುಖದ ಎತ್ತರದ ಮನುಷ್ಯನೊಬ್ಬ ಇಳಿದು, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಹುಣಸೆಹಣ್ಣಿನ ಮೂಟೆಗಳ ಪಕ್ಕ ನಿಂತ. ಯಾವುದೋ ಯಂತ್ರ ಮಾರುವ ಅಮೆರಿಕದವನೆಂದು ಸುದ್ದಿ ಹಬ್ಬಿತು. ಮಾವನನ್ನು ಹೋಗಿ ಕರೆಯಬೇಕೇ? "ಮೀರೇ ಮಾಟ್ಲಾಡಾಲಿ ಅಯ್ಯಾ" ಎನ್ನುತ್ತ, ನೀವೇ ಮಾತಾಡಬೇಕೆಂದು ಜನ ಅವರನ್ನು ಮುಂದಕ್ಕೆ ದಬ್ಬಿದರು.

ಮಾವ ಮೊದಲು ಊರು ಕೇಳಿದರು. ಒಮಾಹಾ ಎಂದ. ಆ ಹೆಸರು ಮಾವನ ಕಿವಿಗೆ ಬಿದ್ದದ್ದು ಅದೇ ಮೊದಲು. ನ್ಯೂಯಾರ್ಕ್ ಹೇಗೆ ಎಂದರು. ನೋಡಿಲ್ಲ ಎಂದ. ಚಿಕಾಗೋ? ರೈಲು ಬದಲಾಯಿಸಿದ್ದೇನೆ ಎಂದ. ಸ್ಯಾನ್ ಫ್ರಾನ್ಸಿಸ್ಕೋ? ಹಡಗು ಹತ್ತಿದ್ದು ಅಲ್ಲೇ, ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಎಂದ. ಒಂದು ಇಡೀ ದೇಶವನ್ನು ಹೀಗೆ ಮೂರು ಮಾತಿನಲ್ಲಿ ಮುಗಿಸಬಹುದೆಂದು ನನಗೆ ಮೊದಲೇ ತಿಳಿದಿದ್ದರೆ!

ಆಮೇಲೆ ಅವನೇ ಸುತ್ತ ನೋಡಿ, ಇದು ಎಂಥ ಊರು, ಇಲ್ಲಿ ಜನ ಯಾಕಾದರೂ ಇದ್ದಾರೆ ಎಂದು ಕೇಳಿದ. ಕುಹಕವಿರಲಿಲ್ಲ, ಸೆಖೆಗೆ ಬೇಸತ್ತು ಕೇಳಿದ್ದು. ಮಾವ ಮಾತ್ರ ಕೆರಳಿಬಿಟ್ಟರು. ನಮ್ಮ ಹುಣಸೆಹಣ್ಣು ಎಲ್ಲೆಲ್ಲಿಗೆ ಹೋಗುತ್ತದೆ, ಸಂತೆಯ ದಿನ ಬೀದಿ ಹೇಗಿರುತ್ತದೆ, ಪೆನ್ನಾರ್ ಹೊಳೆಯ ಕಡೆಯಿಂದ ಸಂಜೆ ಎಂಥ ಗಾಳಿ ಬರುತ್ತದೆ ಎಂದು, ಬಂದಷ್ಟು ಇಂಗ್ಲಿಷನ್ನೆಲ್ಲ ಸುರಿದು, ಸಾಲದ್ದಕ್ಕೆ ಕನ್ನಡ ತೆಲುಗನ್ನೂ ಬೆರೆಸಿ ಹೇಳಿದರು. ಅವನು ಮರ್ಯಾದೆಗೆ ತಲೆಯಾಡಿಸಿ, ಆಕಳಿಸಿ, ಡಬ್ಬಿ ಹತ್ತಿಕೊಂಡ.

ಮಾವ ಬೆವರು ಒರೆಸಿಕೊಳ್ಳುತ್ತ ನಮ್ಮಮ್ಮನ ಕಿಟಕಿಯ ಬಳಿ ಬಂದು, ರೈಲಿನಿಂದ ಇಳಿದು ಮೂಟೆ ನೋಡಿದವನಿಗೆ ಹಿಂದೂಪುರ ಏನು ಗೊತ್ತಾಗುತ್ತೆ ಎಂದು ಗೊಣಗಿದರು. ನಮ್ಮಮ್ಮ ಎಲೆ ಅಡಿಕೆ ಮಡಚುತ್ತ ಅಷ್ಟೇ ನಿಧಾನವಾಗಿ ಹೇಳಿದಳು: "ನೀನು ಆ ಕಲ್ಯಾಣದುರ್ಗದ ಹುಡುಗನ್ನ ಕೇಳ್ದಾಗ ಅವನಿಗೂ ಹಿಂಗೇ ಆಗಿರ್ತೈತೆ ಕಣ್ಲಾ."

ಮಾರನೆಯ ಬೆಳಗ್ಗೆ ಮಾವ ನನ್ನ ಗಂಡನನ್ನು ಕರೆದು, ಕಲ್ಯಾಣದುರ್ಗಕ್ಕೆ ಹೋಗಿ ಮಾತು ಮುಗಿಸಿಕೊಂಡು ಬಾ ಎಂದರು.

ಮದುವೆ ಆಯಿತು. ನಾದಿನಿ ಬಸ್ಸು ಹತ್ತಿ ಹೊರಟುಹೋದಳು. ಅಂದಿನಿಂದ ಮಾವನ ಅಮೆರಿಕ ತಾನಾಗಿಯೇ ಕಡಿಮೆಯಾಯಿತು. ಉಂಡು ಎದ್ದುಹೋಗುತ್ತಿದ್ದರು. ನಾನು ಬಹಳ ಕಾಲದಿಂದ ಬಯಸಿದ್ದ ಮೌನ ಅದು. ಸಿಕ್ಕಿದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ನಾಗರಪಂಚಮಿಗೆ ಅವಳು ತವರಿಗೆ ಬಂದಳು. ಸ್ವಲ್ಪ ಕಪ್ಪಾಗಿದ್ದಳು, ಮುಖ ತುಂಬಿಕೊಂಡಿತ್ತು. ಊಟಕ್ಕೆ ಕೂತಾಗ ನನ್ನ ಸಾರನ್ನು ಬಾಯಿಗಿಟ್ಟು, "ನಮ್ಮೂರಲ್ಲಿ ಇಷ್ಟು ಹುಳಿ ಹಾಕಲ್ಲ ಅತ್ತಿಗೆ" ಎಂದಳು.

ಮಾವನ ಕೈ ತುತ್ತಿನ ಮೇಲೆ ನಿಂತಿತು. ಅವಳು ನಾಲಿಗೆ ಕಚ್ಚಿಕೊಂಡು ಅಪ್ಪನನ್ನು ನೋಡಿದಳು. ನಾನು ಸೌಟು ಹಿಡಿದು ನಿಂತೇ ಇದ್ದೆ.

ಮಾವ ತುತ್ತನ್ನು ತಟ್ಟೆಗೆ ಇಟ್ಟರು. ಆಮೇಲೆ, ನಾನು ಎಂದೂ ಕೇಳದಷ್ಟು ಮೆತ್ತಗಿನ ದನಿಯಲ್ಲಿ, "ಹೌದಾ? ನಿಮ್ಮೂರಲ್ಲಿ ಇನ್ನೇನೇನೈತೆ ಹೇಳಮ್ಮ" ಎಂದರು.

ಅವಳು ಅಂಜುತ್ತಲೇ ಶುರುಮಾಡಿದಳು. ಕಂಬದೂರಿನ ಕಡೆಯಿಂದ ಸಂಜೆ ಕುರಿಗಳು ಬರುವಾಗ ಬೀದಿಯ ತುಂಬ ಏಳುವ ಧೂಳು, ಹೊಸ ಕಂಬಳಿಯ ವಾಸನೆ, ಬಂಡೆಯ ನೆರಳಿನಲ್ಲಿ ಬಿಸಿಲಿಗೂ ತಣ್ಣಗಿರುವ ಬಾವಿ, ಅತ್ತೆ ತಲೆ ಬಾಚುವಾಗ ಹೇಳುವ ಮಾತುಗಳು. ಹೇಳುತ್ತ ಹೇಳುತ್ತ ಅವಳ ಅಂಜಿಕೆ ಹೋಯಿತು. ಎಂಜಲು ಕೈ ಒಣಗಿದವು. ಸಾರು ಆರಿತು. ಮಾವ ನಡುವೆ ಒಂದು ಮಾತನ್ನೂ ಆಡಲಿಲ್ಲ. ಅವಳು ನಿಲ್ಲಿಸಿದಾಗ ಮಾತ್ರ ಕಣ್ಣೊರೆಸಿಕೊಂಡು, "ಇನ್ನೂ ಹೇಳು" ಎಂದರು.