ಸೋತವರಿಗೆ ಸಲಿಕೆ

ನಮ್ಮ ಬೀದಿಯಲ್ಲಿ ಗಂಡಸರು ನಿವೃತ್ತರಾದ ಮರುದಿನವೇ ಯಾವುದಾದರೊಂದು ವಿಷಯದ ತಜ್ಞರಾಗುತ್ತಾರೆ. ಆದ್ದರಿಂದ ಇಂಥ ಪ್ರಸಂಗಗಳಿಗೆ ಇಲ್ಲಿ ಎಂದೂ ಬರವಿಲ್ಲ. 2017ರ ಚಳಿಗಾಲಕ್ಕೆ ಸ್ವಲ್ಪ ಮೊದಲು ಕೆನಡಾದ ಮಿಸಿಸಾಗದ ನಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಪಣ

ನನ್ನ ಪತಿಯೂ ಪಕ್ಕದ ಮನೆಯ ಉಡುಪಿಯವರೂ ಶನಿವಾರಗಳಂದು ಅವರ ಬೇಸ್‌ಮೆಂಟಿನಲ್ಲಿ ಕುಳಿತು ಎಂಎಂಎ ನೋಡುತ್ತಿದ್ದರು. ಗುದ್ದು, ಒದೆ, ಕುಸ್ತಿ ಮೂರಕ್ಕೂ ಅನುಮತಿಯಿರುವ ಪಂಜರದ ಕಾಳಗವದು. ನೋಡುವುದಕ್ಕೆ ನನ್ನ ಆಕ್ಷೇಪವಿರಲಿಲ್ಲ. ಒಂದು ಬೆಳಿಗ್ಗೆ ಪತಿ ಕಾಫಿ ಕುಡಿಯುತ್ತ, ಬರುವ ಶನಿವಾರದ ಕಾಳಗಕ್ಕೆ ಪಣ ಕಟ್ಟಿರುವುದಾಗಿ ತಿಳಿಸಿದರು. ಸೋತವರು ಚಳಿಗಾಲ ಮುಗಿಯುವವರೆಗೆ ಎರಡೂ ಮನೆಗಳ ಡ್ರೈವ್‌ವೇಯಿಂದ ಹಿಮ ತೆಗೆಯಬೇಕು.

ಹಿಂದಿನ ವರ್ಷ ನನ್ನ ಪತಿಯ ಹೃದಯಕ್ಕೆ ಸ್ಟೆಂಟ್ ಹಾಕಲಾಗಿತ್ತು. ಹಿಮದ ಸಲಿಕೆಯನ್ನು ಮುಟ್ಟಲೇಬಾರದೆಂದು ವೈದ್ಯರು ಎಚ್ಚರಿಸಿದ್ದರು.

"ಸ್ಟೆಂಟಿನ ವಿಷಯ ಪಕ್ಕದ ಮನೆಯವರಿಗೆ ಹೇಳಿದ್ದೀರಾ?"

"ಹೇಳಿದ್ರೆ ಮುದುಕ ಅಂದ್ಕೋತಾರೆ ಕಣೇ."

"ನಿಮಗೆ ಅರವತ್ತಾರು."

"ಅದನ್ನೂ ಹೇಳಿಲ್ಲ."

ಲೆಕ್ಕ

ಗೆಲ್ಲುವವನನ್ನು ಮೊದಲು ಆರಿಸುವ ಅವಕಾಶ ನಮ್ಮವರದಾಗಿತ್ತು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಬೋಧಿಸಿದವಳು ನಾನು. ಗಂಡನ ಹೃದಯವನ್ನು ಅದೃಷ್ಟದ ಕೈಗೆ ಬಿಡಲು ಮನಸ್ಸೊಪ್ಪಲಿಲ್ಲ. ಪಂಜರದ ಕೆಂಪು ಮೂಲೆಗೊಬ್ಬ, ನೀಲಿ ಮೂಲೆಗೊಬ್ಬ; ಈ ಇಬ್ಬರು ಕಾದಾಳುಗಳ ವಯಸ್ಸು, ತೋಳಿನ ಉದ್ದ, ಹಿಂದಿನ ಸೋಲುಗೆಲುವುಗಳನ್ನು ಪಟ್ಟಿ ಮಾಡಿದೆ. ಹಳೆಯ ಕಾಳಗಗಳ ವಿಡಿಯೊ ನೋಡಿದೆ. ಒಂದರಲ್ಲಿ ಅಂಗಾತ ಬಿದ್ದವನ ಮುಂದೆ "ಸೋಲು" ಎಂದು ಬರೆದುಕೊಂಡೆ. ಮರುಕ್ಷಣವೇ ಅವನು ಕೆಳಗಿನಿಂದ ಎದುರಾಳಿಯ ಕುತ್ತಿಗೆಯನ್ನು ಕಾಲುಗಳಲ್ಲಿ ಬಿಗಿದು ಗೆದ್ದುಬಿಟ್ಟ. ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಯಿತು.

ಎರಡು ದಿನಗಳ ಬಳಿಕ ತೀರ್ಮಾನ ಹೇಳಿದೆ: ಕೆಂಪು ಮೂಲೆಯವನು ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತೊಂದು.

"ಎರಡು ದಿನ ಕೂತು ಇಷ್ಟೇನಾ?"

"ಶಾಸ್ತ್ರ ಇಷ್ಟನ್ನೇ ಹೇಳುತ್ತದೆ."

"ನಾಲ್ಕಾಣೆ ಚಿಮ್ಮಿದ್ರೆ ಒಂದು ನಿಮಿಷದಲ್ಲಿ ಹೇಳೋದು," ಎಂದರು. ಆದರೂ ಕೆಂಪು ಮೂಲೆಯವನನ್ನೇ ಆರಿಸಿದರು.

ಪಂಚಾಂಗ

ನೀಲಿ ಮೂಲೆಯವನು ಪಾಲಿಗೆ ಬಂದರೂ ನೆರೆಯವರು ಧೃತಿಗೆಡಲಿಲ್ಲ. ಹಾಳೆ ಸಡಿಲವಾದ ಪುಸ್ತಕವೊಂದನ್ನು ಹಿಡಿದು ಬಂದರು. ಅದು ಕುಕ್ಕುಟ ಪಂಚಾಂಗ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯವೆಂದು ಹುಂಜಗಳ ಕಾಲಿಗೆ ಕತ್ತಿ ಕಟ್ಟಿ ಕಾದಿಸುವ ಕೋಳಿ ಅಂಕದವರು ನೋಡುವಂಥದ್ದು.

"ಶನಿವಾರ ಕೆಂಪಿಗೆ ಜಯ ಅಂತ ಉಂಟು. ಆದ್ರೆ ನಮ್ಮ ಕಾಳಗ ಶುರುವಾಗುವಾಗ ಉಡುಪಿಯಲ್ಲಿ ಭಾನುವಾರ ಮಾರಾಯ್ರೆ. ಭಾನುವಾರ ಕೆಂಪು ಸೋಲ್ತದೆ."

"ಕಾದಾಡೋರು ಉಡುಪಿಯಲ್ಲಿಲ್ವಲ್ಲ," ಎಂದರು ನಮ್ಮವರು.

"ಪಂಚಾಂಗ ಉಡುಪಿಯದ್ದಲ್ವ?"

"ನೀಲಿ ಹುಂಜ ಎಲ್ಲಾದರೂ ಇದೆಯೇ?" ಎಂದು ನಾನು ಕೇಳಿದೆ.

ಅವರು ಯೋಚಿಸಿ, ಊರಿನ ಸೋದರಮಾವನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಮಾವ ಪೂರ್ತಿ ಆಲಿಸಿ ಒಂದೇ ಪ್ರಶ್ನೆ ಹಾಕಿದರು: "ಕಾಲಿಗೆ ಕತ್ತಿ ಕಟ್ತಾರಾ?"

"ಇಲ್ಲ ಮಾವ."

"ಮತ್ತೆ ಎಂತ ಅಂಕ ಅದು? ಫೋನಿಡು."

ತೂಕ

ಕಾಳಗದ ಹಿಂದಿನ ದಿನ ಕಾದಾಳುಗಳನ್ನು ತೂಗುವುದು ಪದ್ಧತಿ. ಕೆಂಪು ಮೂಲೆಯವನು ಮಿತಿಗಿಂತ ಆರು ಪೌಂಡು ಹೆಚ್ಚು ತೂಗಿದ. ಎದುರಾಳಿ ಒಪ್ಪಲಿಲ್ಲ, ಕಾಳಗ ರದ್ದಾಯಿತು, ಅದರೊಂದಿಗೆ ಪಣವೂ. ನನ್ನ ಪಟ್ಟಿಯಲ್ಲಿ ವಯಸ್ಸಿತ್ತು, ತೋಳಿನ ಉದ್ದವಿತ್ತು. ಹಸಿವೆಗೆ ಕಾಲಂ ಇರಲಿಲ್ಲ. ಪತಿ ಮಂಕಾಗಿ ಕುಳಿತರು. ನಾನು ವಾರದಲ್ಲಿ ಮೊದಲ ಬಾರಿಗೆ ನೆಮ್ಮದಿಯಿಂದ ಉಸಿರಾಡಿದೆ.

ಅಷ್ಟರಲ್ಲಿ ನೆರೆಯವರ ಹೆಂಡತಿ ಡಬ್ಬಿ ತುಂಬ ಪತ್ರೊಡೆ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು.

"ಕಾಳಗ ಇಲ್ವಂತೆ ಅಕ್ಕ. ನಾನು ದೇವರಿಗೆ ತುಪ್ಪದ ದೀಪ ಇಟ್ಟೆ."

"ಏಕೆ?"

"ಇವರಿಗೆ ಹರ್ನಿಯಾ ಆಪರೇಷನ್ ಆಗಿ ಎರಡು ತಿಂಗಳು. ಬಕೆಟ್ ಸಹ ಎತ್ತಬಾರದು. ನಿಮ್ಮ ಯಜಮಾನ್ರಿಗೆ ಹೇಳ್ಬೇಡಿ, ಮರ್ಯಾದೆ ಪ್ರಶ್ನೆಯಂತೆ."

ನಾನು ಸ್ಟೆಂಟಿನ ವಿಷಯ ತಿಳಿಸಿದೆ. ಆಕೆ ಡಬ್ಬಿಯನ್ನು ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅಂದೇ ಸಂಜೆ ನಾವಿಬ್ಬರೂ ಸೇರಿ ಹಿಮ ತೆಗೆಯುವ ಟ್ರಕ್ಕಿನವನನ್ನು ಎರಡೂ ಮನೆಗೆ ಗೊತ್ತುಮಾಡಿದೆವು. ಗಂಡಂದಿರು ಕಾರಣ ಕೇಳಲಿಲ್ಲ. ಕೇಳಿದರೆ ತಮ್ಮ ಗುಟ್ಟನ್ನೂ ಹೇಳಬೇಕಾಗುತ್ತದೆಂಬ ಭಯ ಇಬ್ಬರಿಗೂ ಇತ್ತು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಇಬ್ಬರೂ ಕಾಫಿಲೋಟ ಹಿಡಿದು ನಮ್ಮ ಕಿಟಕಿಯ ಬಳಿ ನಿಂತಿದ್ದರು. ಟ್ರಕ್ಕು ಬೀದಿಯ ತಿರುವಿನಲ್ಲಿ ಕಾಣಿಸಿತು.

"ಮೊದಲು ನಮ್ಮನೆಗೇ ಬರ್ತಾನೆ. ಪಣ?" ಎಂದರು ನಮ್ಮವರು.

"ಪಣ," ಎಂದು ನೆರೆಯವರು ಕೈಕುಲುಕಿದರು.

"ಸೋತವರು ಪಾತ್ರೆ ತೊಳೆಯಬೇಕು," ಎಂದು ನಾನು ಅಡುಗೆಮನೆಯಿಂದಲೇ ಹೇಳಿದೆ.

"ಗೆದ್ದವರು?"

"ಒರೆಸ್ಬೇಕು," ಎಂದರು ನನ್ನ ಪಕ್ಕದಲ್ಲಿದ್ದ ನೆರೆಯವರ ಹೆಂಡತಿ.