ಇನ್ಸ್‌ಪೆಕ್ಟರ್ ದನಿ, ಅವ್ವನ ಓಲೆ

ಗಂಟಲು ಒಂದೇ ಇರುವಾಗ ಮನುಷ್ಯ ಒಂದೇ ದನಿಯಲ್ಲಿ ಬದುಕಬೇಕು ಎಂಬುದು ನಮ್ಮ ಅವ್ವನ ವಾದ. ನನಗೆ ಅದು ಸಾಧ್ಯವಾಗಿಲ್ಲ. ಚಳ್ಳಕೆರೆ ಬಸ್ಸಿನ ಕಂಡಕ್ಟರು, ಅರ್ಧ ತೆಲುಗಿನಲ್ಲಿ ಬೈಯುವ ಈರುಳ್ಳಿ ದಲ್ಲಾಳಿ, ಮೂಗಿನಲ್ಲೇ ಪಾಠ ಮಾಡಿದ ಹೆಡ್‌ಮಾಸ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಒಮ್ಮೆ ಅಪ್ಪನ ದನಿಯಲ್ಲಿ ಫೋನ್ ಮಾಡಿ, “ನೆಂಟರನ್ನ ಕರ್ಕೊಂಡು ಬರ್ತಾ ಇದೀನಿ” ಎಂದು ಅವ್ವನಿಂದ ರಾಶಿ ಮುದ್ದೆ ಕಟ್ಟಿಸಿದ್ದೆ. ಅಷ್ಟನ್ನೂ ಅವಳು ನನಗೇ ತಿನ್ನಿಸಿದಳು. ನನ್ನ ಸ್ವಂತ ದನಿ ಯಾವುದೆಂದು ಯಾರಾದರೂ ಕೇಳಿದರೆ ನಾನೂ ಒಂದು ಕ್ಷಣ ಯೋಚಿಸಬೇಕು.

ಹೊಟ್ಟೆಪಾಡೂ ಇದರಿಂದಲೇ. ಮೊಳಕಾಲ್ಮೂರಿನಲ್ಲಿ ಆಟೋ ಪ್ರಚಾರಕ್ಕೆ ದನಿ ರೆಕಾರ್ಡ್ ಮಾಡಿಕೊಡುತ್ತೇನೆ. ಒಳ್ಳೆಯ ಮೈಕು ಬೇಕೆನಿಸಿ ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆದೆ. ಕಂತು ತಪ್ಪಿತು. ಮೊದಲು ಸಾಲದ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ, ಆಮೇಲೆ ವಕೀಲ, ಆಮೇಲೆ ಇನ್ಸ್‌ಪೆಕ್ಟರ್. ಹೆದರಬೇಕಿತ್ತು, ನನ್ನ ಕಿವಿ ಬೇರೆ ಕೆಲಸದಲ್ಲಿತ್ತು. ಮೂವರೂ ‘ಅರೆಸ್ಟ್’ ಎನ್ನುವ ಮುಂಚೆ ಮೂಗಿನಲ್ಲಿ ಒಂದು ಸಣ್ಣ ಉಸಿರು ಎಳೆಯುತ್ತಿದ್ದರು. ಇರುವವನು ಒಬ್ಬನೇ ಮನುಷ್ಯ. ಮ್ಯಾನೇಜರ್ ಪರವಾಗಿಲ್ಲ, ವಕೀಲ ಸುಮಾರು, ಇನ್ಸ್‌ಪೆಕ್ಟರ್‌ಗೆ ಕೆಮ್ಮು ಜಾಸ್ತಿಯಾಯಿತು. ಕುತೂಹಲ ತಡೆಯದೆ, “ಸಾರ್, ವಕೀಲ್ರು ಅಲ್ಲೇ ಇದ್ರೆ ಇಬ್ರೂ ಒಟ್ಟಿಗೆ ಒಂದ್ ಮಾತು ಆಡ್ರಿ, ಕೇಳ್ಬೇಕು” ಎಂದೆ. ಲೈನ್ ಕಟ್ ಆಯಿತು.

ಆಸಾಮಿ ಜಾಣ. ಆ್ಯಪು ನನ್ನ ಮೊಬೈಲಿನಿಂದ ಎತ್ತಿಕೊಂಡಿದ್ದ ನಂಬರು ಹಿಡಿದು, ಮುಂದಿನ ಫೋನು ರಾಂಪುರದ ಮನೆಯಲ್ಲಿದ್ದ ಅವ್ವನಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅವ್ವನ ಫೋನು ನನಗೆ ಬಂತು. “ಲೇ, ನಿನ್ನ ಹಿಡಿಯಾಕೆ ಜೀಪು ಹೊಂಟೈತಂತೆ. ಸಂಜೆ ಒಳಗೆ ಕಟ್ಟಿದ್ರೆ ಬಿಡ್ತಾರಂತೆ. ಓಲೆ ಅಡ ಇಡಾಕೆ ಹೋಗ್ತಾ ಇದೀನಿ.”

“ಅವ್ವಾ, ಅವ್ನು ಪೊಲೀಸಲ್ಲ. ನನ್ನಂಥೋನೇ ಒಬ್ಬ.”

“ನಿನ್ನಂಥೋನು ಇನ್ನೊಬ್ಬ ಹುಟ್ಟಿಲ್ಲ. ಎಷ್ಟು ಕೆಮ್ಮಿದ ಗೊತ್ತಾ. ಪಾಪ, ಬಿಸ್ಲಾಗೆ ಓಡಾಡೋ ಕೆಲಸ.”

ಮನೆಯಲ್ಲಿರುವ ಬಂಗಾರವೆಂದರೆ ಅವ್ವನ ತವರಿನವರು ಹಾಕಿದ ಆ ಓಲೆಗಳಷ್ಟೇ. ಠಾಣೆಗೆ ಓಡಿದೆ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಎಲ್ಲ ಕೇಳಿ, ನನ್ನ ಫೋನಿನಲ್ಲೇ, ಸ್ಪೀಕರ್ ಹಾಕಿಕೊಂಡು, ಅವ್ವನಿಗೆ ತಿಳಿಹೇಳಿದರು: “ಅಮ್ಮಾ, ಸಾಲದ ಕಂತು ತಪ್ಪಿದ್ದಕ್ಕೆ ಹಿಂಗೆ ಯಾರೂ ಅರೆಸ್ಟ್ ಮಾಡಲ್ಲ. ಬೇಕಾದ್ರೆ ಕೋರ್ಟಿಗೆ ಹೋಗ್ತಾರೆ. ಓಲೆ ಅಡ ಇಡಬ್ಯಾಡ್ರಿ.”

“ಮುಚ್ಚಲೇ ಬಾಯಿ” ಎಂದಳು ಅವ್ವ, ಇಡೀ ಠಾಣೆಗೆ ಕೇಳುವಂತೆ. “ಪೊಲೀಸ್ ದನಿ ಮಾಡಾಕೂ ಬರಲ್ಲ ನಿಂಗೆ. ಪೊಲೀಸ್ರು ಇಷ್ಟು ಮೆತ್ತಗೆ ಮಾತಾಡ್ತಾರೇನಲೇ?”

ಹೆಡ್ ಕಾನ್‌ಸ್ಟೇಬಲ್ ಫೋನನ್ನು ನನ್ನ ಕೈಗಿಟ್ಟು ಬೈಕಿನ ಕೀಲಿ ತೆಗೆದುಕೊಂಡರು. ಆಮೇಲೆ, “ಗಾಡಿ ಹತ್ತಪ್ಪ” ಎಂದರು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: “ಅರೆಸ್ಟ್ ಇಲ್ಲ ಅಂದೆ, ಸಾಲ ಇಲ್ಲ ಅನ್ಲಿಲ್ಲ. ಕಂತು ಕಟ್ಕೋ.”

ರಾಂಪುರದ ಗಿರವಿ ಅಂಗಡಿಯ ಮುಂದೆ ನಾನು ಪೊಲೀಸ್ ಬೈಕಿನಿಂದ ಇಳಿದದ್ದನ್ನು ಕಂಡಿದ್ದೇ ತಡ, ಅವ್ವ ಕೈಯಲ್ಲಿದ್ದ ಓಲೆಗಳನ್ನು ಅಂಗಡಿಯವನ ಕಡೆ ತಳ್ಳಿಯೇಬಿಟ್ಟಳು. “ಬಿಟ್ಬಿಡ್ರಿ ಸಾಮಿ, ಕಟ್ತೀವಿ.” ಹೆಡ್ ಕಾನ್‌ಸ್ಟೇಬಲ್ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಅವ್ವನಿಗೆ ಅರ್ಧ ನಂಬಿಕೆ. “ಇನ್ನೊಂದ್ ಸಲ ಹೇಳ್ರಿ” ಎಂದಳು. ಅವರು ಬಿಡಿಬಿಡಿಯಾಗಿ ಹೇಳಿದರು. ಅವ್ವ ಕೈಚಾಚಿ ಓಲೆಗಳನ್ನು ವಾಪಸ್ ತೆಗೆದುಕೊಂಡಳು. ಆದರೆ ಅವರು ಮಾತಾಡುವಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ. ತುಟಿ ಬಿಗಿದುಕೊಂಡು ಪಕ್ಕದಲ್ಲಿ ನಿಂತಿದ್ದ ನನ್ನ ಬಾಯನ್ನು.